ಪೈಥಾನ್ ಪ್ರೋಗ್ರಾಂ ಲಿನಕ್ಸ್ ಪ್ಯಾಕೇಜ್ ಆಗುವ ಬಗೆ

ಪೈಥಾನ್ ಕಲಿತವರು ತಮಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂಗಳನ್ನು ತಾವೇ ಬರೆದುಕೊಳ್ಳುವುದು ಈಗ ಮಾಮೂಲು. ಬರೆದವರ ಕಂಪ್ಯೂಟರಿನಲ್ಲಿ ಅವು ಸಲೀಸಾಗಿ ಓಡುತ್ತವೆ. ಅದೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕದ ಮೇಜಿನವರಿಗೆ ಕೊಟ್ಟರೆ ‘ಮಾಡ್ಯೂಲ್ ಸಿಗಲಿಲ್ಲ’ ಎಂಬ ಸಾಲು ಬಂದು ಎಲ್ಲ ನಿಂತುಬಿಡುತ್ತದೆ. ಪ್ರೋಗ್ರಾಂ ಕೆಟ್ಟಿರುವುದಿಲ್ಲ. ಬರೆದವರ ಕಂಪ್ಯೂಟರು ಹೇಳದೆ ಕೇಳದೆ ಒದಗಿಸುತ್ತಿದ್ದ ಹತ್ತಾರು ಸಂಗತಿಗಳು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅಷ್ಟೆ. ಎಂದೋ ಹಾಕಿಕೊಂಡು ಮರೆತ ಲೈಬ್ರರಿ, ತಕ್ಕ ಪೈಥಾನ್ ಆವೃತ್ತಿ, ಒಂದು ಫಾಂಟ್, ಡೇಟಾ ಫೈಲ್ ಇರುವ ಜಾಗ, ಹೀಗೆ.

ಪ್ಯಾಕೇಜ್ ಮಾಡುವುದೆಂದರೆ ಈ ಸಂಗತಿಗಳನ್ನು ಒಂದೂ ಬಿಡದೆ ಬರೆದಿಡುವುದು. ಆ ಬರಹವನ್ನು ಓದಿ ಯಂತ್ರವೇ ಉಳಿದ ಕೆಲಸ ಮಾಡಬೇಕು: ಬೇಕಾದ್ದನ್ನು ತರಿಸಬೇಕು, ಸರಿಯಾದ ಜಾಗದಲ್ಲಿ ಇಡಬೇಕು, ಹೊಸ ಆವೃತ್ತಿ ಬಂದಾಗ ಬದಲಿಸಬೇಕು, ಬೇಡವಾದಾಗ ಗುರುತೂ ಉಳಿಯದಂತೆ ತೆಗೆಯಬೇಕು. ಪೈಥಾನ್ ಎಂಬ ಹೆಸರನ್ನೇ ಕೇಳದವರು ಇಷ್ಟನ್ನೂ ಮಾಡಿಕೊಳ್ಳುವಂತಾದರೆ ಮಾತ್ರ ಪ್ರೋಗ್ರಾಂ ಮುಗಿಯಿತು ಎನ್ನಬಹುದು.

ಮಾತು ಹಿಡಿತಕ್ಕೆ ಸಿಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ನಮ್ಮ ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಇನ್ನೂ ಸಾಕಷ್ಟಿವೆ. ಅವುಗಳಲ್ಲಿ ಕನ್ನಡ ಅಕ್ಷರದ ರೂಪಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂತಿರುವುದರಿಂದ ಫಾಂಟ್ ಇಲ್ಲದ ಕಡೆ ಓದಲಾಗುವುದಿಲ್ಲ, ಹುಡುಕಲೂ ಆಗುವುದಿಲ್ಲ. ಓಡಿಟಿ ರೂಪದ ಅಂಥ ಕಡತವನ್ನು ಓದಿ ಯೂನಿಕೋಡ್‌ಗೆ ಬದಲಿಸುವ ಪ್ರೋಗ್ರಾಂ ಒಂದನ್ನು ನೀವು ಬರೆದಿದ್ದೀರಿ, ಅದರ ಹೆಸರು ‘ಲಿಪಿಸೇತು’ ಎಂದುಕೊಳ್ಳಿ. ಅದಕ್ಕೆ, ಕಿಟಕಿ ಗುಂಡಿಗಳನ್ನು ಮೂಡಿಸುವ ಜಿಟಿಕೆ 4 ಲೈಬ್ರರಿ ಬಳಸಿದ ಒಂದು ಕಿಟಕಿಯಿದೆ. ಓಡಿಟಿ ತೆರೆಯಲು ಓಡಿಎಫ್‌ಪೈ ಎಂಬ ಲೈಬ್ರರಿ ಬೇಕು. ಯಾವ ಸಂಕೇತ ಯಾವ ಅಕ್ಷರವೆಂದು ಹೇಳುವ ಒಂದು ಜೇಸನ್ ಕೋಷ್ಟಕವಿದೆ. ಫಲಿತಾಂಶ ತೋರಿಸಲು ಒಂದು ಕನ್ನಡ ಫಾಂಟ್ ಬೇಕು.

ಒಂದೇ ಯಂತ್ರ, ಎರಡು ವ್ಯವಸ್ಥೆ

ಲಿನಕ್ಸ್‌ನಲ್ಲಿ ಪೈಥಾನ್ ತಂತ್ರಾಂಶ ಹಾಕಲು ಎರಡು ವ್ಯವಸ್ಥೆಗಳಿವೆ. ಒಂದು ಪೈಥಾನಿನದೇ ಆದದ್ದು: ಪೈಪಿಐ ಎಂಬ ಸಾರ್ವಜನಿಕ ಭಂಡಾರ, ಅಲ್ಲಿಂದ ತರಿಸುವ ಪಿಪ್. ಇನ್ನೊಂದು ಡಿಸ್ಟ್ರೋದ್ದು, ಎಂದರೆ ನೀವು ಬಳಸುವ ಲಿನಕ್ಸ್ ವಿತರಣೆಯದ್ದು: ಡೆಬಿಯನ್, ಉಬುಂಟುಗಳಲ್ಲಿ ಡಿಪಿಕೆಜಿ ಮತ್ತು ಆಪ್ಟ್, ಫೆಡೋರಾ, ರೆಡ್ ಹ್ಯಾಟ್‌ಗಳಲ್ಲಿ ಆರ್‌ಪಿಎಂ ಮತ್ತು ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್.

ಪಿಪ್‌ಗೆ ಗೊತ್ತಿರುವುದು ಪೈಥಾನ್ ಲೋಕ ಮಾತ್ರ. ‘ನನಗೆ ಓಡಿಎಫ್‌ಪೈ ಬೇಕು’ ಎಂದರೆ ತಂದುಕೊಡುತ್ತದೆ. ‘ನನಗೆ ಕನ್ನಡ ಫಾಂಟ್ ಬೇಕು’ ಎಂದು ಹೇಳಲು ಅದರಲ್ಲಿ ದಾರಿಯೇ ಇಲ್ಲ. ಜಿಟಿಕೆ ಜೊತೆ ಮಾತಾಡುವ ಪೈಜಿಆಬ್ಜೆಕ್ಟ್ ಲೈಬ್ರರಿಯನ್ನು ಪಿಪ್‌ನಿಂದ ಹಾಕಲು ಹೋದರೆ ಅದು ಲಿನಕ್ಸ್‌ನಲ್ಲಿ ಮೂಲ ಕೋಡಿನಿಂದಲೇ ಕಂಪೈಲ್ ಆಗಬೇಕು; ಸಿ ಕಂಪೈಲರ್, ಕೈರೋ ಲೈಬ್ರರಿಯ ಹೆಡರ್ ಫೈಲುಗಳು ಮೊದಲೇ ಯಂತ್ರದಲ್ಲಿರಬೇಕು. ಆಪ್ಟ್‌ಗೆ ಇದೆಲ್ಲ ಗೊತ್ತು. ಫಾಂಟ್, ಜಿಟಿಕೆ, ಸಿ ಲೈಬ್ರರಿ, ಪೈಥಾನ್ ಮಾಡ್ಯೂಲ್ ಎಲ್ಲವೂ ಅದರ ಪಾಲಿಗೆ ಒಂದೇ ಬಗೆಯ ಪ್ಯಾಕೇಜುಗಳು.

ಡಿಸ್ಟ್ರೋ ತನ್ನ ಸ್ವಂತ ಕೆಲಸಗಳಿಗೂ ಪೈಥಾನನ್ನೇ ನೆಚ್ಚಿಕೊಂಡಿರುತ್ತದೆ. ಉಬುಂಟುವಿನಲ್ಲಿ ಹೊಸ ರೆಪಾಸಿಟರಿ ಸೇರಿಸುವ ಕಮಾಂಡ್ ಪೈಥಾನಿನಲ್ಲಿದೆ. ಫೆಡೋರಾದಲ್ಲಿ ಬಹುಕಾಲ ಡಿಎನ್‌ಎಫ್ ಕಮಾಂಡ್ ಪೈಥಾನಿನಲ್ಲೇ ಇತ್ತು. ಹೀಗಿರುವಾಗ ‘ಸುಡೊ ಪಿಪ್ ಇನ್‌ಸ್ಟಾಲ್’ ಎಂದು ಹೊಡೆದು ಒಂದು ಲೈಬ್ರರಿಯ ಹೊಸ ಆವೃತ್ತಿ ಹಾಕಿದರೆ, ಹಳೆಯ ಆವೃತ್ತಿಯನ್ನು ನಂಬಿದ್ದ ವ್ಯವಸ್ಥೆಯ ಪ್ರೋಗ್ರಾಂಗಳು ಮುರಿಯುತ್ತವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಪಿಪ್, ಆಪ್ಟ್ ಎರಡೂ ಒಂದೇ ನೊಗಕ್ಕೆ ಬಿದ್ದಾಗ ಕೆಡುವುದು ಬಳಸುವವರ ಯಂತ್ರ.

ಈ ಜಗಳ ನಿಲ್ಲಿಸಲು ಬಂದದ್ದು ಪೆಪ್ 668 ಎಂಬ ನಿಯಮ. 2023ರ ಡೆಬಿಯನ್ 12, ಉಬುಂಟು 23.04 ಬಿಡುಗಡೆಗಳಿಂದ ವ್ಯವಸ್ಥೆಯ ಪೈಥಾನ್ ಇರುವ ಜಾಗದಲ್ಲಿ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂಬ ಗುರುತಿನ ಫೈಲ್ ಇರುತ್ತದೆ. ಪಿಪ್ ಅದನ್ನು ಕಂಡೊಡನೆ ಕೆಲಸ ನಿಲ್ಲಿಸಿ, ಆಪ್ಟ್ ಬಳಸಿ ಅಥವಾ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಲೈಬ್ರರಿಗಳನ್ನು ಬೇರೆಯಾಗಿಡುವ ಫೋಲ್ಡರ್) ಮಾಡಿಕೊಳ್ಳಿ ಎನ್ನುತ್ತದೆ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಎಂಬ ಆಯ್ಕೆ ಕೊಟ್ಟು ಇದನ್ನು ದಾಟಬಹುದು. ನಿಮ್ಮ ಪ್ರೋಗ್ರಾಂ ಹಾಕುವ ಸೂಚನೆಯಲ್ಲಿ ಆ ಆಯ್ಕೆಯನ್ನು ಎಂದೂ ಬರೆಯಬೇಡಿ. ಅದರ ಹೆಸರೇ ಹೇಳುವ ಹಾಗೆ, ಅದು ಇನ್ನೊಬ್ಬರ ಯಂತ್ರವನ್ನು ಕೆಡಿಸುವ ಅನುಮತಿ.

ಹಳೆಯ ಪಾಠಗಳ ವಿಷಯದಲ್ಲೂ ಎಚ್ಚರ ಬೇಕು. ಪೈಥಾನಿನ ಜೊತೆಗೇ ಬರುತ್ತಿದ್ದ ಡಿಸ್ಟ್‌ಯುಟಿಲ್ಸ್ 2000ದ ಹೊತ್ತಿನದು; ಅದರ ಮೇಲೆ ಕಟ್ಟಿದ ಸೆಟಪ್‌ಟೂಲ್ಸ್ 2004ರದು; ಪಿಪ್ 2008ರದು. ‘ಸೆಟಪ್.ಪೈ ಇನ್‌ಸ್ಟಾಲ್’ ಎಂಬ ಕಮಾಂಡ್ ಆ ಕಾಲದ ಉಳಿಕೆ. 2023ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸನ್ನೇ ತೆಗೆದುಹಾಕಿದ್ದಾರೆ. ಈಗ ಎಲ್ಲಕ್ಕೂ ಬುನಾದಿ ‘ಪೈಪ್ರಾಜೆಕ್ಟ್.ಟಾಮಲ್’ ಎಂಬ ಒಂದೇ ಫೈಲ್.

ಮೊದಲ ಕೆಲಸ: ಎಲ್ಲವನ್ನೂ ಬರೆದಿಡುವುದು

ಮೂಲ ಫೋಲ್ಡರಿನಲ್ಲಿ ಪೈಪ್ರಾಜೆಕ್ಟ್.ಟಾಮಲ್ ಇರಲಿ. ಅದರ ಪಕ್ಕದಲ್ಲಿ ‘ಎಸ್‌ಆರ್‌ಸಿ’ ಎಂಬ ಫೋಲ್ಡರ್, ಅದರೊಳಗೆ ಲಿಪಿಸೇತು ಫೋಲ್ಡರ್, ಅದರಲ್ಲಿ ನಿಮ್ಮ ಕೋಡು. ಕೋಡನ್ನು ಹೀಗೆ ಒಂದು ಹಂತ ಒಳಗಿಡುವುದಕ್ಕೆ ಕಾರಣವಿದೆ. ಮೂಲ ಫೋಲ್ಡರಿನಲ್ಲೇ ಕೋಡು ಇದ್ದರೆ, ಪರೀಕ್ಷೆ ನಡೆಸುವಾಗ ಪೈಥಾನ್ ಇನ್‌ಸ್ಟಾಲ್ ಆದ ಪ್ರತಿಯನ್ನು ಬಿಟ್ಟು ಕಣ್ಣೆದುರಿನ ಫೋಲ್ಡರನ್ನೇ ಎತ್ತಿಕೊಳ್ಳುತ್ತದೆ. ಪ್ಯಾಕೇಜಿನಲ್ಲಿ ಒಂದು ಫೈಲ್ ಬಿಟ್ಟುಹೋಗಿದ್ದರೂ ನಿಮಗೆ ತಿಳಿಯುವುದಿಲ್ಲ. ಬಳಸುವವರಿಗೆ ಮಾತ್ರ ತಿಳಿಯುತ್ತದೆ.

ಪೈಪ್ರಾಜೆಕ್ಟ್ ಫೈಲಿನಲ್ಲಿ ಮುಖ್ಯವಾಗಿ ಎರಡು ಭಾಗ. ‘ಬಿಲ್ಡ್ ಸಿಸ್ಟಮ್’ ಎಂಬ ಭಾಗದಲ್ಲಿ ಪ್ಯಾಕೇಜ್ ಕಟ್ಟುವ ಸಾಧನ ಯಾವುದೆಂದು ಹೇಳುತ್ತೇವೆ: ಸೆಟಪ್‌ಟೂಲ್ಸ್, ಹ್ಯಾಚ್ಲಿಂಗ್, ಫ್ಲಿಟ್, ಪೊಯಟ್ರಿ, ಯಾವುದಾದರೂ ಆದೀತು. ‘ಪ್ರಾಜೆಕ್ಟ್’ ಎಂಬ ಭಾಗದಲ್ಲಿ ಹೆಸರು, ಆವೃತ್ತಿ, ವಿವರಣೆ, ಪರವಾನಗಿ, ಬೇಕಾದ ಕನಿಷ್ಠ ಪೈಥಾನ್ ಆವೃತ್ತಿ, ಬೇಕಾದ ಲೈಬ್ರರಿಗಳು ಬರುತ್ತವೆ. ವಿವರಣೆಯನ್ನು ಕನ್ನಡದಲ್ಲೇ ಬರೆಯಬಹುದು. ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ, ಚುಕ್ಕಿಗಳಲ್ಲೇ ಇರಬೇಕು. ಪೈಪಿಐ, ಡೆಬಿಯನ್ ಎರಡೂ ಕನ್ನಡ ಅಕ್ಷರದ ಪ್ಯಾಕೇಜ್ ಹೆಸರನ್ನು ಒಪ್ಪುವುದಿಲ್ಲ.

ಲೈಬ್ರರಿಗಳ ಪಟ್ಟಿ ಬರೆಯುವಾಗ ‘ಇದೇ ಆವೃತ್ತಿ ಬೇಕು’ ಎಂದು ಕಟ್ಟಿಹಾಕಬೇಡಿ. ‘ಇಷ್ಟಾದರೂ ಇರಲಿ’ ಎಂದು ಕನಿಷ್ಠ ಮಿತಿ ಕೊಡಿ. ಡಿಸ್ಟ್ರೋದಲ್ಲಿ ಒಂದು ಲೈಬ್ರರಿಗೆ ಸಾಮಾನ್ಯವಾಗಿ ಒಂದೇ ಆವೃತ್ತಿ ಇರುತ್ತದೆ, ಎಲ್ಲ ಪ್ರೋಗ್ರಾಂಗಳೂ ಅದನ್ನೇ ಹಂಚಿಕೊಳ್ಳಬೇಕು. ನೀವು ಒಂದು ಅಂಕಿಗೆ ಗಂಟು ಹಾಕಿದರೆ ನಿಮ್ಮ ಪ್ರೋಗ್ರಾಂ ಅಲ್ಲಿ ಹೊಂದುವುದೇ ಇಲ್ಲ.

‘ಸ್ಕ್ರಿಪ್ಟ್ಸ್’ ಎಂಬ ಉಪಭಾಗ ಬಹಳ ಮುಖ್ಯ. ‘ಲಿಪಿಸೇತು ಎಂಬ ಕಮಾಂಡ್ ಕೊಟ್ಟಾಗ ಇಂಥ ಮಾಡ್ಯೂಲಿನ ಮೇನ್ ಫಂಕ್ಷನ್ ಓಡಲಿ’ ಎಂದು ಅಲ್ಲಿ ಒಂದೇ ಸಾಲಿನಲ್ಲಿ ಹೇಳುತ್ತೇವೆ. ಇನ್‌ಸ್ಟಾಲ್ ಆಗುವಾಗ ಬಿನ್ ಫೋಲ್ಡರಿನಲ್ಲಿ ಆ ಹೆಸರಿನ ಒಂದು ಪುಟ್ಟ ಫೈಲ್ ಹುಟ್ಟುತ್ತದೆ. ಅದರ ಮೊದಲ ಸಾಲು ಯಾವ ಪೈಥಾನಿನಿಂದ ಓಡಬೇಕೆಂದು ಹೇಳುತ್ತದೆ: ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಹಾಕಿದರೆ ಅಲ್ಲಿನ ಪೈಥಾನ್, ಡೆಬಿಯನ್ ಬಗೆಯ ಪ್ಯಾಕೇಜಾದ ಡೆಬ್ ಆಗಿ ಹಾಕಿದರೆ ವ್ಯವಸ್ಥೆಯ ಪೈಥಾನ್. ಉಳಿದದ್ದು ನಿಮ್ಮ ಫಂಕ್ಷನ್ ಕರೆಯುವ ಕೆಲವೇ ಸಾಲು. ಬಳಸುವವರು ‘ಪೈಥಾನ್3 ಮೇನ್.ಪೈ’ ಎಂದು ಟೈಪ್ ಮಾಡುವ ಕಷ್ಟ ಇದರಿಂದ ತಪ್ಪುತ್ತದೆ.

ಇನ್ನು ಜೇಸನ್ ಕೋಷ್ಟಕ. ಕೋಡಿನಲ್ಲಿ ಬರೀ ಫೈಲ್ ಹೆಸರು ಕೊಟ್ಟು ತೆರೆದರೆ ಪೈಥಾನ್ ಅದನ್ನು ಹುಡುಕುವುದು ಬಳಸುವವರು ಆ ಕ್ಷಣ ಇರುವ ಫೋಲ್ಡರಿನಲ್ಲಿ. ನಿಮ್ಮ ಮೂಲ ಫೋಲ್ಡರಿನಿಂದ ಓಡಿಸುವಾಗ ಸಿಕ್ಕ ಫೈಲ್ ಬೇರೆಯವರಿಗೆ ಸಿಗದಿರುವುದು ಇದರಿಂದಲೇ. ಕೋಷ್ಟಕವನ್ನು ಪ್ಯಾಕೇಜ್ ಫೋಲ್ಡರಿನ ಒಳಗೇ ಇಟ್ಟು, ಇಂಪೋರ್ಟ್‌ಲಿಬ್.ರಿಸೋರ್ಸಸ್ ಮಾಡ್ಯೂಲಿನ ಫೈಲ್ಸ್ ಫಂಕ್ಷನ್ ಮೂಲಕ ತೆರೆಯಿರಿ, ಪೈಥಾನ್ 3.9ರಿಂದ ಅದು ಜೊತೆಗೇ ಬರುತ್ತದೆ. ಬಳಸುವವರ ಆಯ್ಕೆಗಳನ್ನು ಉಳಿಸುವುದು ಅವರ ಮನೆ ಫೋಲ್ಡರಿನ ‘.ಕಾನ್ಫಿಗ್’ ಅಡಿಯಲ್ಲಿ, ಮತ್ತೆ ಹುಟ್ಟಿಸಬಹುದಾದ ತಾತ್ಕಾಲಿಕ ಫೈಲುಗಳು ‘.ಕ್ಯಾಶ್’ ಅಡಿಯಲ್ಲಿ. ಪ್ರೋಗ್ರಾಂ ಇನ್‌ಸ್ಟಾಲ್ ಆದ ಜಾಗದಲ್ಲಿ ಏನನ್ನೂ ಬರೆಯಲು ಹೋಗಬೇಡಿ. ಅಲ್ಲಿ ಬರೆಯುವ ಅಧಿಕಾರ ಸಾಮಾನ್ಯ ಬಳಕೆದಾರರಿಗೆ ಇರುವುದಿಲ್ಲ.

ವ್ಹೀಲ್ ಕಟ್ಟುವುದು

‘ಪೈಥಾನ್3 -ಎಮ್ ಬಿಲ್ಡ್’ ಎಂದರೆ ‘ಡಿಸ್ಟ್’ ಫೋಲ್ಡರಿನಲ್ಲಿ ಎರಡು ಫೈಲುಗಳು ಹುಟ್ಟುತ್ತವೆ. ಒಂದು ಮೂಲ ಕೋಡಿನ ಟಾರ್ ಕಟ್ಟು; ಡಿಸ್ಟ್ರೋದವರು ತಮ್ಮ ಪ್ಯಾಕೇಜ್ ಕಟ್ಟಲು ಬಳಸುವುದು ಇಂಥದ್ದನ್ನು. ಇನ್ನೊಂದು, ಪಿಪ್ ನೇರವಾಗಿ ಹಾಕಬಲ್ಲ ವ್ಹೀಲ್. ಅದರ ಹೆಸರಿನ ಕೊನೆಯಲ್ಲಿ ಮೂರು ತುಂಡುಗಳಿರುತ್ತವೆ: ‘ಪೈ3’, ‘ನನ್’, ‘ಎನಿ’. ಯಾವುದೇ ಪೈಥಾನ್ 3ರಲ್ಲಿ ಓಡುತ್ತದೆ, ಕಂಪೈಲ್ ಆದ ಭಾಗವಿಲ್ಲ, ಯಾವ ಬಗೆಯ ಯಂತ್ರವಾದರೂ ಸರಿ ಎಂದು ಅರ್ಥ.

ವ್ಹೀಲ್ ಎಂಬುದು ಒಂದು ಜಿಪ್ ಫೈಲ್. ಅನ್‌ಜಿಪ್ ಮಾಡಿ ನೋಡಿ. ನಿಮ್ಮ ಕೋಡಿನ ಜೊತೆ ‘ಡಿಸ್ಟ್-ಇನ್ಫೊ’ ಎಂದು ಮುಗಿಯುವ ಫೋಲ್ಡರ್ ಇರುತ್ತದೆ. ಅದರಲ್ಲಿರುವ ‘ಮೆಟಾಡೇಟಾ’ ಫೈಲಿನಲ್ಲಿ ನೀವು ಪೈಪ್ರಾಜೆಕ್ಟ್‌ನಲ್ಲಿ ಬರೆದ ಮಾಹಿತಿ, ‘ರೆಕಾರ್ಡ್’ ಫೈಲಿನಲ್ಲಿ ಒಳಗಿನ ಪ್ರತಿ ಫೈಲಿನ ಹೆಸರು, ಗಾತ್ರ, ಅದು ಬದಲಾಗಿಲ್ಲವೆಂದು ಸಾಬೀತು ಮಾಡುವ ಹ್ಯಾಶ್. ಪ್ರೋಗ್ರಾಂ ತೆಗೆಯುವಾಗ ಯಾವ ಯಾವ ಫೈಲ್ ಅಳಿಸಬೇಕೆಂದು ಪಿಪ್ ತಿಳಿಯುವುದು ಈ ರೆಕಾರ್ಡ್‌ನಿಂದ. ಜೇಸನ್ ಕೋಷ್ಟಕ ಒಳಗೆ ಬಂದಿದೆಯೇ ಎಂಬುದನ್ನು ಇಲ್ಲೇ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ನಿಮ್ಮ ಪ್ರೋಗ್ರಾಂನಲ್ಲಿ ಸಿ ಕೋಡು ಇದ್ದರೆ ಕೆಲಸ ಹೆಚ್ಚು. ಹೊಸ ಡಿಸ್ಟ್ರೋದಲ್ಲಿ ಕಂಪೈಲ್ ಆದದ್ದು ಹಳೆಯ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಇರುವ ಯಂತ್ರದಲ್ಲಿ ಓಡದೇ ಹೋಗಬಹುದು; ಹಳೆಯದರಲ್ಲಿ ಕಂಪೈಲ್ ಆದದ್ದು ಹೊಸದರಲ್ಲಿ ಓಡುತ್ತದೆ. ಅದಕ್ಕಾಗಿ ‘ಮೆನಿಲಿನಕ್ಸ್’ ಎಂಬ ಒಪ್ಪಂದವಿದೆ. ಉದಾಹರಣೆಗೆ ಮೆನಿಲಿನಕ್ಸ್ 2014 ಎಂಬ ಗುರುತಿನ ವ್ಹೀಲ್ ಜಿಲಿಬ್‌ಸಿ 2.17 ಅಥವಾ ಅದಕ್ಕಿಂತ ಹೊಸದಿರುವ ಎಲ್ಲ ಕಡೆ ಓಡಬೇಕು. ಆಡಿಟ್‌ವ್ಹೀಲ್ ಎಂಬ ಸಾಧನ ಇದನ್ನು ಪರೀಕ್ಷಿಸಿ ಮುದ್ರೆ ಒತ್ತುತ್ತದೆ. ಲಿಪಿಸೇತು ಶುದ್ಧ ಪೈಥಾನ್ ಆದ್ದರಿಂದ ನಮಗೆ ಈ ತಾಪತ್ರಯವಿಲ್ಲ.

ವ್ಹೀಲನ್ನು ಪೈಪಿಐಗೆ ಏರಿಸುವ ಮುನ್ನ ಟೆಸ್ಟ್‌ಪೈಪಿಐ ಎಂಬ ಅಭ್ಯಾಸದ ಭಂಡಾರಕ್ಕೆ ಏರಿಸಿ ನೋಡುವುದು ಒಳ್ಳೆಯದು. ಒಮ್ಮೆ ಪೈಪಿಐಗೆ ಹೋದ ಫೈಲನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಏರಿಸಲು ಬಿಡುವುದಿಲ್ಲ. ಸಣ್ಣ ತಿದ್ದುಪಡಿಗೂ ಹೊಸ ಆವೃತ್ತಿ ಸಂಖ್ಯೆ ಬೇಕು. ಟರ್ಮಿನಲ್‌ನಲ್ಲಿ ಬಳಸುವ ಪ್ರೋಗ್ರಾಂ ಆದರೆ ಜನರಿಗೆ ಪಿಪ್‌ಎಕ್ಸ್ ಬಳಸಲು ಹೇಳಿ. ಅದು ಪ್ರತಿ ಪ್ರೋಗ್ರಾಂಗೂ ಬೇರೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಕಮಾಂಡನ್ನು ಮಾತ್ರ ಮನೆ ಫೋಲ್ಡರಿನ ‘.ಲೋಕಲ್/ಬಿನ್’ನಲ್ಲಿ ಕಾಣಿಸುತ್ತದೆ. ವ್ಯವಸ್ಥೆಯ ಪೈಥಾನಿಗೆ ಕೈ ತಾಗುವುದಿಲ್ಲ.

ಡೆಬ್ ಪ್ಯಾಕೇಜಿನ ಒಳಗೆ

ಲಿಪಿಸೇತುವನ್ನು ಬಳಸುವವರು ಕಚೇರಿಯ ಗುಮಾಸ್ತರು, ಡಿಟಿಪಿ ಮಾಡುವವರು. ಅವರಿಗೆ ಟರ್ಮಿನಲ್ ಬೇಡ. ಮೆನುವಿನಲ್ಲಿ ಒಂದು ಚಿತ್ರ ಕಂಡರೆ ಸಾಕು. ಅವರ ಯಂತ್ರ ಉಬುಂಟು ಅಥವಾ ಡೆಬಿಯನ್ ಆಗಿದ್ದರೆ ಡೆಬ್ ಪ್ಯಾಕೇಜೇ ಸರಿಯಾದ ದಾರಿ.

ಮೂಲ ಫೋಲ್ಡರಿನಲ್ಲಿ ‘ಡೆಬಿಯನ್’ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಕೆಲವು ಫೈಲುಗಳನ್ನು ಇಡಬೇಕು. ಅವುಗಳಲ್ಲಿ ಜೀವಾಳ ‘ಕಂಟ್ರೋಲ್’ ಫೈಲ್. ಅದರ ಮೇಲ್ಭಾಗದಲ್ಲಿ ಪ್ಯಾಕೇಜ್ ಕಟ್ಟಲು ಬೇಕಾದವು: ಡೆಬ್‌ಹೆಲ್ಪರ್, ಡಿಎಚ್-ಪೈಥಾನ್, ಪೈಬಿಲ್ಡ್‌ನ ಪೈಪ್ರಾಜೆಕ್ಟ್ ಪ್ಲಗಿನ್, ನೀವು ಆರಿಸಿಕೊಂಡ ಬಿಲ್ಡ್ ಸಾಧನ. ಕೆಳಭಾಗದಲ್ಲಿ ಓಡಲು ಬೇಕಾದವು. ಶುದ್ಧ ಪೈಥಾನ್ ಆದ್ದರಿಂದ ಆರ್ಕಿಟೆಕ್ಚರ್ ‘ಆಲ್’.

ಓಡಲು ಬೇಕಾದ ಪೈಥಾನ್ ಲೈಬ್ರರಿಗಳನ್ನು ಕೈಯಾರೆ ಬರೆಯುವ ಬದಲು ಒಂದು ಬದಲಿ ಪದ ಇಟ್ಟರೆ ಸಾಕು. ಕಟ್ಟುವಾಗ ಡಿಎಚ್-ಪೈಥಾನ್ ನಿಮ್ಮ ಮೆಟಾಡೇಟಾ ಓದಿ, ಪೈಪಿಐ ಹೆಸರಿಗೆ ತಕ್ಕ ಡೆಬಿಯನ್ ಹೆಸರು ಹುಡುಕಿ ಅಲ್ಲಿ ತುಂಬುತ್ತದೆ. ಇದು ದೊಡ್ಡ ಉಪಕಾರ. ಪೈಪಿಐನಲ್ಲಿ ಓಡಿಎಫ್‌ಪೈ ಆದದ್ದು ಕೋಡಿನಲ್ಲಿ ಓಡಿಎಫ್, ಡೆಬಿಯನ್‌ನಲ್ಲಿ ಪೈಥಾನ್3-ಓಡಿಎಫ್. ಪೈಪಿಐನ ಪಿಲ್ಲೋ ಕೋಡಿನಲ್ಲಿ ಪಿಐಎಲ್, ಡೆಬಿಯನ್‌ನಲ್ಲಿ ಪೈಥಾನ್3-ಪಿಐಎಲ್. ಆದರೆ ಪೈಥಾನ್ ಅಲ್ಲದವನ್ನು ನೀವೇ ಬರೆಯಬೇಕು. ಜಿಟಿಕೆ 4 ಬಳಸಲು ‘ಜಿಐಆರ್1.2-ಜಿಟಿಕೆ-4.0’ ಎಂಬ ಪ್ಯಾಕೇಜ್ ಬೇಕು. ಅದನ್ನು ‘ಡಿಪೆಂಡ್ಸ್’ ಸಾಲಿಗೆ ಸೇರಿಸಿ. ಫಾಂಟ್ ಇಲ್ಲದೆಯೂ ಪರಿವರ್ತನೆ ನಡೆಯುತ್ತದೆ, ತೆರೆಯ ಮೇಲೆ ಚೆನ್ನಾಗಿ ಕಾಣಲು ಮಾತ್ರ ಅದು ಬೇಕು. ಆದ್ದರಿಂದ ‘ಫಾಂಟ್ಸ್-ಗುಬ್ಬಿ’ಯನ್ನು ‘ರೆಕಮೆಂಡ್ಸ್’ ಸಾಲಿನಲ್ಲಿ ಇಡಿ. ಗುಬ್ಬಿ ಎಂಬುದು ಡೆಬಿಯನ್‌ನಲ್ಲೇ ಸಿಗುವ ಮುಕ್ತ ಕನ್ನಡ ಫಾಂಟ್. ಬಳಸುವವರು ಬೇಡವೆಂದು ಹೇಳದ ಹೊರತು ಆಪ್ಟ್ ಅದನ್ನೂ ಜೊತೆಗೇ ತರುತ್ತದೆ. ಪಿಪ್‌ನಿಂದ ಆಗದ ಕೆಲಸ ಇಲ್ಲಿ ಒಂದು ಸಾಲಿನಲ್ಲಿ ಮುಗಿಯಿತು.

‘ರೂಲ್ಸ್’ ಫೈಲ್ ಹೆದರಿಸುವಂತೆ ಕಂಡರೂ ಈಗ ಅದರಲ್ಲಿ ಇರಬೇಕಾದ್ದು ಎರಡು ಮೂರು ಸಾಲು: ಎಲ್ಲ ಕೆಲಸವನ್ನೂ ‘ಡಿಎಚ್’ಗೆ ಒಪ್ಪಿಸಿ, ಬಿಲ್ಡ್ ಸಿಸ್ಟಮ್ ಪೈಬಿಲ್ಡ್ ಎಂದು ಹೇಳುವುದು. ಅದು ಮೇಕ್‌ಫೈಲ್ ಆದ್ದರಿಂದ ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಬರೀ ಖಾಲಿ ಜಾಗ ಬಿಟ್ಟರೆ ನಡೆಯದು. ‘ಚೇಂಜ್‌ಲಾಗ್’ ಫೈಲಿನ ವಿನ್ಯಾಸವೂ ಬಿಗಿ. ಪ್ಯಾಕೇಜಿನ ಆವೃತ್ತಿ ಸಂಖ್ಯೆ ಬರುವುದು ಅಲ್ಲಿಂದಲೇ. 1.0-1 ಎಂದರೆ ನಿಮ್ಮ 1.0 ಆವೃತ್ತಿಯ ಮೊದಲನೇ ಪ್ಯಾಕೇಜಿಂಗ್. ಕೋಡು ಬದಲಿಸದೆ ಪ್ಯಾಕೇಜಿಂಗ್ ಮಾತ್ರ ತಿದ್ದಿದರೆ 1.0-2. ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಗೆ 1.0ರ ಬಳಿಕ ಟಿಲ್ಡೆ ಚಿಹ್ನೆ ಹಾಕಿ ಆರ್‌ಸಿ1 ಎನ್ನಿ. ಟಿಲ್ಡೆ ಇದ್ದದ್ದನ್ನು ಡಿಪಿಕೆಜಿ 1.0ಕ್ಕಿಂತ ಹಳೆಯದೆಂದು ಎಣಿಸುತ್ತದೆ, ಆಮೇಲಿನ ಅಪ್‌ಡೇಟ್ ಸರಾಗವಾಗುತ್ತದೆ. ದಿನಾಂಕ, ಖಾಲಿ ಜಾಗಗಳನ್ನು ಕೈಯಾರೆ ಲೆಕ್ಕ ಹಾಕದೆ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನ ‘ಡಿಸಿಎಚ್’ ಕಮಾಂಡಿನಿಂದ ಬರೆಸಿ.

‘ಕಾಪಿರೈಟ್’ ಫೈಲನ್ನು ಹಗುರವಾಗಿ ನೋಡಬೇಡಿ. ಕೋಡು ಯಾರದು, ಯಾವ ಪರವಾನಗಿ, ಕೋಷ್ಟಕ ಎಲ್ಲಿಂದ ಬಂತು ಎಲ್ಲವನ್ನೂ ಅಲ್ಲಿ ಬರೆಯಬೇಕು. ಪರವಾನಗಿಯಿಲ್ಲದ ಕೋಡನ್ನು ಯಾವ ಡಿಸ್ಟ್ರೋವೂ ಮುಟ್ಟುವುದಿಲ್ಲ. ಹಂಚಲು ಅನುಮತಿಯಿಲ್ಲದ ಫಾಂಟನ್ನು ನಿಮ್ಮ ಪ್ಯಾಕೇಜಿನೊಳಗೆ ಸೇರಿಸುವುದಂತೂ ಕೂಡದು.

ಎಲ್ಲ ಸಿದ್ಧವಾದ ಮೇಲೆ ‘ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್’ ಓಡಿಸಿ. ಸಹಿ ಬೇಡವಾದರೆ ‘-ಯುಎಸ್ -ಯುಸಿ’ ಆಯ್ಕೆಗಳನ್ನು ಕೊಡಿ. ಡೆಬ್ ಫೈಲ್ ಹುಟ್ಟುವುದು ಒಂದು ಹಂತ ಮೇಲಿನ ಫೋಲ್ಡರಿನಲ್ಲಿ. ಕಟ್ಟುವಾಗ ಇಂಟರ್‌ನೆಟ್ಟಿನಿಂದ ಏನನ್ನೂ ಇಳಿಸಿಕೊಳ್ಳಬಾರದೆಂಬುದು ಡೆಬಿಯನ್ ನಿಯಮ. ಬೇಕಾದ್ದೆಲ್ಲ ಕಂಟ್ರೋಲ್ ಫೈಲಿನಲ್ಲಿ ಹೇಳಿರಬೇಕು. ಖಾಲಿ ಯಂತ್ರದಲ್ಲಿ ಕಟ್ಟಿದರೆ, ನಿಮ್ಮ ಯಂತ್ರ ಗುಟ್ಟಾಗಿ ಒದಗಿಸುತ್ತಿದ್ದದ್ದು ಏನೆಂಬುದು ಬಯಲಾಗುತ್ತದೆ.

ಹುಟ್ಟಿದ ಡೆಬ್ ಅನ್ನು ಬಿಚ್ಚಿ ನೋಡೋಣ. ‘ಎಆರ್ ಟಿ’ ಎಂಬ ಕಮಾಂಡ್ ಕೊಟ್ಟರೆ ಒಳಗೆ ಮೂರೇ ಫೈಲುಗಳು ಕಾಣುತ್ತವೆ. ‘ಡೆಬಿಯನ್-ಬೈನರಿ’ ಎಂಬುದರಲ್ಲಿ 2.0 ಎಂಬ ಒಂದೇ ಸಾಲು; ಅದು ಡೆಬ್ ವಿನ್ಯಾಸದ ಆವೃತ್ತಿ. ಎರಡನೆಯದು ಕಂಟ್ರೋಲ್ ಟಾರ್: ಮಾಹಿತಿ ಮತ್ತು ಹಾಕುವಾಗ, ತೆಗೆಯುವಾಗ ಓಡುವ ಪುಟ್ಟ ಸ್ಕ್ರಿಪ್ಟುಗಳು. ಮೂರನೆಯದು ಡೇಟಾ ಟಾರ್: ಯಂತ್ರದಲ್ಲಿ ಹೋಗಿ ಕೂರಬೇಕಾದ ಫೈಲುಗಳು, ಕೂರಬೇಕಾದ ಹಾದಿಯ ಸಮೇತ. ಕಮಾಂಡ್ ‘/ಯುಎಸ್ಆರ್/ಬಿನ್’ನಲ್ಲಿ, ಕೋಡು ‘/ಯುಎಸ್ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್’ನಲ್ಲಿ.

ಆ ಹಾದಿಯಲ್ಲಿ ಪೈಥಾನ್3 ಎಂದಷ್ಟೇ ಇದೆ, 3.11 ಅಥವಾ 3.13 ಎಂದು ಇಲ್ಲ. ಡೆಬಿಯನ್ 12ರಲ್ಲಿ ಪೈಥಾನ್ 3.11 ಇತ್ತು, 13ರಲ್ಲಿ 3.13 ಇದೆ. ಜಾಗಕ್ಕೆ ಆವೃತ್ತಿಯ ಹೆಸರಿಲ್ಲದ ಕಾರಣ ಪೈಥಾನ್ ಬದಲಾದರೂ ಶುದ್ಧ ಪೈಥಾನ್ ಪ್ಯಾಕೇಜಿನ ಫೈಲುಗಳು ಇದ್ದಲ್ಲೇ ಇರಬಹುದು. ಕಂಪೈಲ್ ಆದ ‘ಪಿವೈಸಿ’ ಫೈಲುಗಳು ಡೆಬ್ ಒಳಗೆ ಇರುವುದಿಲ್ಲ. ಇನ್‌ಸ್ಟಾಲ್ ಆಗುವಾಗ ಆ ಪುಟ್ಟ ಸ್ಕ್ರಿಪ್ಟ್ ಅವನ್ನು ಅಲ್ಲಿಯ ಪೈಥಾನಿಗೆ ತಕ್ಕಂತೆ ಹುಟ್ಟಿಸುತ್ತದೆ, ತೆಗೆಯುವಾಗ ಇನ್ನೊಂದು ಸ್ಕ್ರಿಪ್ಟ್ ಅಳಿಸುತ್ತದೆ.

ಕೊನೆಗೆ ‘ಲಿಂಟಿಯನ್’ ಓಡಿಸಿದರೆ ಬಿಟ್ಟುಹೋದ ಮ್ಯಾನ್ ಪುಟ, ತಪ್ಪಿದ ಅನುಮತಿ, ಅಪೂರ್ಣ ವಿವರಣೆ ಎಲ್ಲವನ್ನೂ ಪಟ್ಟಿ ಮಾಡಿ ಕೊಡುತ್ತದೆ. ಡೆಬ್ ಹಾಕುವಾಗ ‘ಡಿಪಿಕೆಜಿ -ಐ’ ಬದಲು ‘ಆಪ್ಟ್ ಇನ್‌ಸ್ಟಾಲ್’ ಬಳಸಿ, ಫೈಲ್ ಹೆಸರಿಗೆ ಮೊದಲು ಚುಕ್ಕಿ ಮತ್ತು ಓರೆಗೆರೆ ಹಾಕಿ. ಡಿಪಿಕೆಜಿ ಆ ಒಂದು ಫೈಲನ್ನು ಮಾತ್ರ ಬಲ್ಲದು. ಅದು ಬೇಡುವ ಉಳಿದ ಪ್ಯಾಕೇಜುಗಳನ್ನು ತರುವುದು ಆಪ್ಟ್.

ಫೆಡೋರಾ ಮತ್ತು ಆರ್ಚ್

ಡೆಬಿಯನ್ ಫೋಲ್ಡರಿನ ಹಲವು ಫೈಲುಗಳು ಮಾಡುವ ಕೆಲಸವನ್ನು ಫೆಡೋರಾದಲ್ಲಿ ಒಂದೇ ‘ಸ್ಪೆಕ್’ ಫೈಲ್ ಮಾಡುತ್ತದೆ. ಪೈಪ್ರಾಜೆಕ್ಟ್ ಆಧಾರದ ಪ್ರೋಗ್ರಾಂಗಳಿಗೆ ಅಲ್ಲಿ ಸಿದ್ಧ ಮ್ಯಾಕ್ರೋಗಳಿವೆ: ಒಂದು ವ್ಹೀಲ್ ಕಟ್ಟುತ್ತದೆ, ಇನ್ನೊಂದು ಅದನ್ನು ಇನ್‌ಸ್ಟಾಲ್ ಮಾಡುತ್ತದೆ, ಮತ್ತೊಂದು ಫೈಲುಗಳ ಪಟ್ಟಿ ಮಾಡಿಕೊಡುತ್ತದೆ. ‘ಮಾಕ್’ ಎಂಬ ಸಾಧನ ಖಾಲಿ ಫೆಡೋರಾವೊಂದನ್ನು ಹುಟ್ಟಿಸಿ ಅದರೊಳಗೆ ಪ್ಯಾಕೇಜ್ ಕಟ್ಟುತ್ತದೆ. ಫೆಡೋರಾದಲ್ಲಿ ಕೋಡಿನ ಜಾಗಕ್ಕೆ ಪೈಥಾನಿನ ಪೂರ್ಣ ಆವೃತ್ತಿಯ ಹೆಸರಿರುತ್ತದೆ. ಆದ್ದರಿಂದ ಹೊಸ ಪೈಥಾನ್ ಬಂದಾಗಲೆಲ್ಲ ಪೈಥಾನ್ ಪ್ಯಾಕೇಜುಗಳನ್ನು ಮತ್ತೆ ಕಟ್ಟುತ್ತಾರೆ. ಆರ್ಚ್‌ನಲ್ಲಿ ‘ಪಿಕೆಜಿಬಿಲ್ಡ್’ ಎಂಬ ಶೆಲ್ ಸ್ಕ್ರಿಪ್ಟ್ ಬರೆದು ‘ಮೇಕ್‌ಪಿಕೆಜಿ’ ಓಡಿಸಿದರಾಯಿತು. ಪೈಪ್ರಾಜೆಕ್ಟ್ ಫೈಲ್ ಅಚ್ಚುಕಟ್ಟಾಗಿದ್ದರೆ ಮೂರು ಕಡೆಯೂ ನೀವು ಬರೆಯುವುದು ಕೆಲವೇ ಸಾಲು. ಅದು ಅರೆಬರೆಯಾಗಿದ್ದರೆ ಮೂರು ಕಡೆಯೂ ತೇಪೆ ಹಾಕಬೇಕಾಗುತ್ತದೆ.

ಎಲ್ಲವನ್ನೂ ಜೊತೆಗೆ ಒಯ್ಯುವ ದಾರಿಗಳು

ಪ್ರತಿ ಡಿಸ್ಟ್ರೋಗೂ ಬೇರೆ ಪ್ಯಾಕೇಜ್ ಮಾಡುವುದು ಒಬ್ಬರ ಕೈಲಾಗದ ಕೆಲಸ ಎನಿಸಿದರೆ ಫ್ಲಾಟ್‌ಪ್ಯಾಕ್ ಇದೆ. ಅದರಲ್ಲಿ ಪ್ರೋಗ್ರಾಂ ಒಂದು ‘ರನ್‌ಟೈಮ್’ ಮೇಲೆ ನಿಲ್ಲುತ್ತದೆ. ಗ್ನೋಮ್ ರನ್‌ಟೈಮಿನಲ್ಲಿ ಪೈಥಾನ್, ಜಿಟಿಕೆ, ಪೈಜಿಆಬ್ಜೆಕ್ಟ್ ಮೊದಲೇ ಇರುವುದರಿಂದ ಲಿಪಿಸೇತು ಜೊತೆ ಓಡಿಎಫ್‌ಪೈ ಮತ್ತು ಅದಕ್ಕೆ ಬೇಕಾದ ಲೈಬ್ರರಿ ಸೇರಿಸಿದರೆ ಸಾಕು. ಒಂದೇ ಪ್ಯಾಕೇಜ್ ಉಬುಂಟುವಿನಲ್ಲೂ ಫೆಡೋರಾದಲ್ಲೂ ಆರ್ಚ್‌ನಲ್ಲೂ ಓಡುತ್ತದೆ, ಫ್ಲಾಟ್‌ಹಬ್ ಮೂಲಕ ಜನರಿಗೆ ತಲುಪಿಸಬಹುದು. ಪ್ರೋಗ್ರಾಂ ಬೇಲಿಯೊಳಗೆ ಓಡುವುದರಿಂದ ಬಳಸುವವರ ಯಾವ ಫೈಲುಗಳನ್ನು ಮುಟ್ಟಬಹುದೆಂದು ಮೊದಲೇ ಹೇಳಬೇಕು. ಬಳಸುವವರೇ ಫೈಲ್ ಆರಿಸುವ ಕಿಟಕಿಯ ಮೂಲಕ ತೆರೆಸಿದರೆ ವಿಶೇಷ ಅನುಮತಿಯೂ ಬೇಡ. ಉಬುಂಟುವಿನ ಸ್ನ್ಯಾಪ್, ಒಂದೇ ಫೈಲಾಗಿ ಓಡುವ ಆಪ್‌ಇಮೇಜ್ ಇದೇ ಜಾಡಿನವು.

ಪೈಇನ್‌ಸ್ಟಾಲರ್ ಪೈಥಾನನ್ನೂ ಲೈಬ್ರರಿಗಳನ್ನೂ ಒಟ್ಟುಗೂಡಿಸಿ ನೇರವಾಗಿ ಓಡುವ ಕಟ್ಟು ಮಾಡಿಕೊಡುತ್ತದೆ. ಅದು ಜಿಲಿಬ್‌ಸಿಯನ್ನು ಒಳಗೆ ಸೇರಿಸುವುದಿಲ್ಲ. ಹಾಗಾಗಿ ನೀವು ಬೆಂಬಲಿಸಬೇಕೆಂದಿರುವ ಅತಿ ಹಳೆಯ ಡಿಸ್ಟ್ರೋದಲ್ಲಿ ಕಟ್ಟಬೇಕು. ಹೀಗೆ ಲೈಬ್ರರಿಗಳನ್ನು ಹೊತ್ತೊಯ್ಯುವ ದಾರಿಗಳಲ್ಲಿ ಒಂದು ಹೊಣೆ ನಿಮ್ಮ ಹೆಗಲಿಗೇ ಬರುತ್ತದೆ. ಒಳಗೆ ಸೇರಿಸಿದ ಲೈಬ್ರರಿಯಲ್ಲಿ ಭದ್ರತೆಯ ದೋಷ ಕಂಡುಬಂದರೆ ಡಿಸ್ಟ್ರೋದ ಅಪ್‌ಡೇಟ್ ನಿಮ್ಮ ಕಟ್ಟಿನೊಳಗಿನ ಪ್ರತಿಯನ್ನು ಸರಿಪಡಿಸುವುದಿಲ್ಲ. ನೀವೇ ಹೊಸ ಆವೃತ್ತಿ ಹೊರತರಬೇಕು.

ಮೆನುವಿನಲ್ಲಿ ಕನ್ನಡ

ಪ್ಯಾಕೇಜಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೂ ಬಳಸುವವರಿಗೆ ಕಾಣುವ ಹೆಸರು ಕನ್ನಡದಲ್ಲಿರಬಹುದು, ಇರಬೇಕು. ‘/ಯುಎಸ್ಆರ್/ಶೇರ್/ಅಪ್ಲಿಕೇಶನ್ಸ್’ನಲ್ಲಿ ಕೂರುವ ‘.ಡೆಸ್ಕ್‌ಟಾಪ್’ ಫೈಲಿನಲ್ಲಿ ‘ನೇಮ್’ ಸಾಲಿನ ಜೊತೆ, ಚೌಕಾವರಣದಲ್ಲಿ ಕನ್ನಡದ ಸಂಕೇತವಾದ ‘ಕೆಎನ್’ ಹಾಕಿದ ಇನ್ನೊಂದು ‘ನೇಮ್’ ಸಾಲು ಬರೆಯಿರಿ. ಡೆಸ್ಕ್‌ಟಾಪ್ ಭಾಷೆ ಕನ್ನಡವಿರುವವರಿಗೆ ಮೆನುವಿನಲ್ಲಿ ಲಿಪಿಸೇತು ಎಂದು ಕನ್ನಡದಲ್ಲೇ ಕಾಣುತ್ತದೆ. ಕಿಟಕಿಯೊಳಗಿನ ಗುಂಡಿ, ಸೂಚನೆಗಳಿಗೆ ಗೆಟ್‌ಟೆಕ್ಸ್ಟ್ ಬಳಸಿ; ಅನುವಾದದ ‘ಪಿಒ’ ಫೈಲಿನಿಂದ ಹುಟ್ಟುವ ‘ಎಂಒ’ ಫೈಲ್ ಡಿಸ್ಟ್ರೋದ ಲೊಕೇಲ್ ಫೋಲ್ಡರಿನಲ್ಲಿ ಕೆಎನ್ ಅಡಿಯಲ್ಲಿ ಕೂರುತ್ತದೆ. ಐಕಾನು, ಮ್ಯಾನ್ ಪುಟಗಳಿಗೂ ಗೊತ್ತಾದ ಜಾಗಗಳಿವೆ. ಇವನ್ನು ಆಯಾ ಜಾಗಕ್ಕೆ ಮುಟ್ಟಿಸುವ ಪಟ್ಟಿಯನ್ನು ಡೆಬಿಯನ್ ಫೋಲ್ಡರಿನ ‘ಇನ್‌ಸ್ಟಾಲ್’ ಫೈಲಿನಲ್ಲಿ ಬರೆಯಬೇಕು. ಕೋಡಿನಲ್ಲಿ ಪಠ್ಯದ ಫೈಲ್ ತೆರೆಯುವಾಗಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಎಲ್ಲರ ಯಂತ್ರದ ಲೊಕೇಲ್ ನಿಮ್ಮದರಂತೆಯೇ ಇರುವುದಿಲ್ಲ.

ಪರೀಕ್ಷೆ ಮತ್ತು ಆಯ್ಕೆ

ಪ್ಯಾಕೇಜನ್ನು ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿ ತೃಪ್ತಿಪಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಎಲ್ಲವೂ ಮೊದಲೇ ಇದೆ. ಪಾಡ್‌ಮನ್ ಅಥವಾ ಡಾಕರ್ ಬಳಸಿ ಖಾಲಿ ಡೆಬಿಯನ್ ಕಂಟೇನರ್ ತೆರೆದು ಅದರಲ್ಲಿ ಡೆಬ್ ಹಾಕಿ. ಕಮಾಂಡ್ ಓಡುತ್ತದೆಯೇ, ಕೋಷ್ಟಕ ಸಿಗುತ್ತದೆಯೇ ನೋಡಿ. ಹಳೆಯ ಆವೃತ್ತಿಯ ಮೇಲೆ ಹೊಸದನ್ನು ಹಾಕಿ ನೋಡಿ. ಆಮೇಲೆ ತೆಗೆದುಹಾಕಿ, ‘/ಯುಎಸ್ಆರ್’ ಅಡಿಯಲ್ಲಿ ನಿಮ್ಮ ಪ್ರೋಗ್ರಾಂ ಹೆಸರಿನ ಫೈಲ್ ಏನಾದರೂ ಉಳಿದಿದೆಯೇ ಹುಡುಕಿ. ಕಿಟಕಿ ತೆರೆದು ನೋಡುವ ಪರೀಕ್ಷೆಗೆ ಹೊಸದಾಗಿ ಹಾಕಿದ ವರ್ಚುವಲ್ ಮಷೀನ್ ಅನುಕೂಲ.

ದಾರಿ ಆರಿಸುವುದು ಬಳಸುವವರನ್ನು ನೋಡಿ. ಪ್ರೋಗ್ರಾಂ ಬರೆಯುವವರೇ ಬಳಸುವ ಟರ್ಮಿನಲ್ ಸಾಧನವಾದರೆ ಪೈಪಿಐ ಮತ್ತು ಪಿಪ್‌ಎಕ್ಸ್ ಸಾಕು. ಒಂದೇ ಡಿಸ್ಟ್ರೋ ಇರುವ ಕಚೇರಿ, ಶಾಲೆ, ಲ್ಯಾಬುಗಳಿಗೆ ಡೆಬ್ ಅಥವಾ ಆರ್‌ಪಿಎಂ. ಯಾವ ಡಿಸ್ಟ್ರೋ ಎಂದು ಗೊತ್ತಿಲ್ಲದ ಸಾರ್ವಜನಿಕರಿಗೆ, ಕಿಟಕಿಯಿರುವ ಪ್ರೋಗ್ರಾಂ ಆದರೆ, ಫ್ಲಾಟ್‌ಪ್ಯಾಕ್. ಉಬುಂಟು ಬಳಸುವವರಿಗೆ ಲಾಂಚ್‌ಪ್ಯಾಡ್‌ನ ಪಿಪಿಎ ಮೂಲಕವೂ ಕೊಡಬಹುದು; ಮೂಲ ಪ್ಯಾಕೇಜ್ ಏರಿಸಿದರೆ ಕಟ್ಟುವ ಕೆಲಸ ಲಾಂಚ್‌ಪ್ಯಾಡಿನದು, ಅಪ್‌ಡೇಟುಗಳು ಆಪ್ಟ್ ಮೂಲಕವೇ ತಲುಪುತ್ತವೆ. ಡೆಬಿಯನ್ ಭಂಡಾರದೊಳಗೇ ಸೇರಬೇಕೆಂದರೆ ಅಲ್ಲಿನ ಡೆವಲಪರ್ ಒಬ್ಬರು ಪ್ಯಾಕೇಜ್ ನೋಡಿ ಒಪ್ಪಿ ಏರಿಸಬೇಕು. ಪೈಥಾನ್ ಪ್ಯಾಕೇಜುಗಳನ್ನು ನೋಡಿಕೊಳ್ಳುವ ತಂಡವೂ ಅಲ್ಲಿದೆ.

ಕನ್ನಡಕ್ಕಾಗಿ ಪ್ರೋಗ್ರಾಂ ಬರೆಯುವವರು ಕಡಿಮೆಯೇನಿಲ್ಲ. ಅಕ್ಷರ ಪರಿವರ್ತಕ, ಕಾಗುಣಿತ ಪರೀಕ್ಷಕ, ಪದಕೋಶ ಎಲ್ಲವನ್ನೂ ಜನ ಬರೆಯುತ್ತಾರೆ. ಅವುಗಳಲ್ಲಿ ಎಷ್ಟೋ ಬರೆದವರ ಯಂತ್ರ ಬಿಟ್ಟು ಆಚೆ ಬರುವುದಿಲ್ಲ. ನಿಮ್ಮ ಬಳಿ ಅಂಥ ಒಂದು ಪ್ರೋಗ್ರಾಂ ಇದ್ದರೆ ಮುಂದಿನ ಹೊಸ ಸೌಲಭ್ಯ ಸೇರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ಪೈಪ್ರಾಜೆಕ್ಟ್.ಟಾಮಲ್ ಬರೆಯಿರಿ, ಒಂದು ಮುಕ್ತ ಪರವಾನಗಿ ಸೇರಿಸಿ, ಖಾಲಿ ಕಂಟೇನರಿನಲ್ಲಿ ಹಾಕಿ ನೋಡಿ. ಅಲ್ಲಿ ಓಡಿತೆಂದರೆ ಅದನ್ನು ಧೈರ್ಯವಾಗಿ ಇನ್ನೊಬ್ಬರ ಕೈಗೆ ಕೊಡಿ.